ಮುಖ ನನ್ನದು, ಸೆರಗು ನನ್ನದಲ್ಲ

ಮೊನ್ನೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಸವಕಲ್ಯಾಣದ ಕೋಟೆಗೆ ಹೋಗಿದ್ದೆ. ಒಳಬಾಗಿಲು ದಾಟುತ್ತಲೇ ಬಾವಲಿಗಳ ಆ ಹಳೇ ನಾತ ಮೂಗಿಗೆ ಬಡಿಯಿತು. ಮೂಗಿಗೆ ಸೆರಗು ಹಿಡಿಯುವಷ್ಟರಲ್ಲಿ ಅಂಗಳದ ಆಚೆಯಿಂದ ಒಂದು ಜೋರು ದನಿ ಕೇಳಿತು. ಮೊಬೈಲು ಹಿಡಿದ ಒಬ್ಬ ಯುವಕ, ಹೊರಗಿನಿಂದ ಬಂದ ನಾಲ್ಕಾರು ಜನಕ್ಕೆ ಸಿನೆಮಾ ತೆಗೆದ ಜಾಗಗಳನ್ನು ತೋರಿಸುತ್ತಿದ್ದ.

"ನೋಡ್ರಿ, ಇದೇ ಅಂಗಳ. ಧಣಿ ಕಾಳು ಹಂಚ್ತಾನಲ್ಲ, ಹೆಣ್ಮಕ್ಕಳು ಸೆರಗ ಒಡ್ಡಿ ಅಳ್ತಾರಲ್ಲ, ಅದು ಇಲ್ಲೇ ತಗದಾರ. ಅವರೆಲ್ಲಾ ನಾರಾಯಣಪುರದ ಬಡವ್ರು. ಖರೇ ಖರೇ ಅತ್ತಾರ."

ನನಗೆ ಪಿತ್ತ ನೆತ್ತಿಗೇರಿತು. ಮಕ್ಕಳನ್ನು ಅಲ್ಲೇ ಬಿಟ್ಟು ಅವನ ಮುಂದೆ ಹೋಗಿ ನಿಂತೆ.

"ತಮ್ಮಾ, ಅವರು ನಾರಾಯಣಪುರದವರಲ್ಲ."

"ನಿಮಗ ಹ್ಯಾಂಗ ಗೊತ್ತರಿ ಟೀಚರ್?"

"ಆ ಸೀನಿನಾಗ ನಡುವ ಒಂದು ಮುಖ ಬರ್ತದಲ್ಲ, ಮ್ಯಾಲ ನೋಡಾಕತ್ತಿರೋದು? ಆ ಮುಖ ನಂದು. ಸೆರಗು ನಂದಲ್ಲ."

ಅವನು ನನ್ನ ನೆರೆತ ಕೂದಲು ನೋಡಿದ, ಮೊಬೈಲಿನಲ್ಲಿದ್ದ ಚಿತ್ರ ನೋಡಿದ, ಆಮೇಲೆ ನಕ್ಕುಬಿಟ್ಟ. "ಇರಲಿ ಬಿಡ್ರಿ, ಜನಾ ಅದನ್ನ ಕೇಳಾಕೇ ಬರ್ತಾರ," ಅಂದ.

ಇರಲಿ ಬಿಡ್ರಿ ಎಂದು ಬಿಟ್ಟುಬಿಡುವ ಮಾತು ಇದಲ್ಲ. ಆ ಸಿನೆಮಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಈಗಾಗಲೇ ಬೇಕಾದಷ್ಟು ಹೆಸರಾಗಿದೆ, ನನ್ನದೂ ಒಂದು ಚಪ್ಪಾಳೆ ಬೇಕಾಗಿಲ್ಲ. ಆದರೆ ಅದನ್ನು ತೆಗೆದ ವರ್ಷ ನಮ್ಮ ಊರಿನಲ್ಲಿ ನಡೆದದ್ದೇನು ಎಂಬುದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ತೊಂಬತ್ತರ ದಶಕದ ನಡುಭಾಗ. ನಾನು ಹುಮನಾಬಾದ ತಾಲೂಕಿನ ಹುಡಗಿ ಎಂಬ ಊರಿನಿಂದ ನಾರಾಯಣಪುರಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಪಿಯುಸಿ ಪಾಸಾಗಿದ್ದೆ. ನಮ್ಮದು ಬೌದ್ಧರ ಓಣಿ. ಓಣಿಯ ಬಾಯಿಗೆ ಸಣ್ಣದೊಂದು ವಿಹಾರ, ಅದರ ಕಟ್ಟೆಯ ಮೇಲೆ ಸಂಜೆಯ ಹರಟೆ. ನನ್ನ ಅತ್ತೆ ಸುಂದರಬಾಯಿ ಎಂದರೆ ಇಡೀ ಓಣಿಗೆ ಒಂದು ಮಾತು. ಗಟ್ಟಿ ಮೈಕಟ್ಟು, ಎಲೆ ಅಡಿಕೆಯ ಕೆಂಪು ಬಾಯಿ, ಬೈದರೂ ಹೊಗಳಿದರೂ ಒಂದೇ ದನಿ. ಓಣಿಯ ಹೆಂಗಸರೆಲ್ಲ ಅವಳ ಹಿಂದೆಯೇ ಕೂಲಿಗೆ ಹೋಗುವುದು, ಅವಳ ಹಿಂದೆಯೇ ಬರುವುದು.

ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೈಯಿಂದ ನನಗೆ ಒಂದು ಪೆಟ್ಟು ಬಿದ್ದಿತ್ತು. ಪಕ್ಕದ ಮನೆಯವಳು ಹುರಿದ ಶೇಂಗಾ ಕೊಡಲು ಬಂದಳು. ನಾನು ಸಹಜವಾಗಿ ಸೆರಗು ಹಿಡಿದೆ. ಅತ್ತೆ ಎಲ್ಲಿದ್ದಳೋ ಏನೋ, ಬಂದವಳೇ ಫಟ್ಟನೆ ನನ್ನ ಕೈಗೆ ಹೊಡೆದು, ಒಳಗಿನಿಂದ ಬಟ್ಟಲು ತಂದು ಹಿಡಿದಳು. ನನಗೆ ಕಣ್ಣಲ್ಲಿ ನೀರು ಬಂತು. ರಾತ್ರಿ ಊಟಕ್ಕೆ ಕೂತಾಗ ತಾನೇ ಕಾರಣ ಹೇಳಿದಳು. ಹಿಂದೆ, ಅವಳು ಚಿಕ್ಕವಳಿದ್ದಾಗ, ದೊಡ್ಡವರ ಕಣದಲ್ಲಿ ರಾಶಿ ಮುಗಿದ ಮೇಲೆ ನಮ್ಮ ಹೆಂಗಸರು ಹೋಗಿ ಸೆರಗು ಒಡ್ಡಿ ನಿಲ್ಲಬೇಕಾಗಿತ್ತಂತೆ. ವರ್ಷವಿಡೀ ದುಡಿದದ್ದಕ್ಕೆ ಕಣ ಗುಡಿಸಿದ ಕಾಳು, ಅರ್ಧ ಮಣ್ಣು, ಅರ್ಧ ಹೊಟ್ಟು. ಅದನ್ನೂ ಕೈ ತಾಕದಂತೆ ಮೇಲಿನಿಂದ ಸುರಿಯುತ್ತಿದ್ದರಂತೆ. ವಿಹಾರ ಕಟ್ಟಿದ ದಿನ ಓಣಿಯ ಹೆಂಗಸರೆಲ್ಲ ಸೇರಿ, ಇನ್ನು ಮೇಲೆ ಕಾಳಿಗೆ ಸೆರಗು ಒಡ್ಡುವುದಿಲ್ಲ, ಕೂಲಿಯನ್ನು ಸೇರಿನಲ್ಲಿ ಅಳೆಸಿ ನಮ್ಮ ಬುಟ್ಟಿಯಲ್ಲೇ ತರುತ್ತೇವೆ ಎಂದು ಆಣೆ ಮಾಡಿದರು. ಅಂದಿನಿಂದ ನಮ್ಮ ಓಣಿಯಲ್ಲಿ ಮಂಡಕ್ಕಿಗೆ ಲಂಗ ಒಡ್ಡಿದ ಮಗುವಿಗೂ ಬೈಗಳೇ. ನಾನು ಹುಡಗಿ ಊರಿನವಳು, ನನಗೇನು ಗೊತ್ತು. ಆದರೆ ಆ ದಿನದ ಮೇಲೆ ನಾನೂ ಒಡ್ಡಲಿಲ್ಲ.

ಜೋಳದ ರಾಶಿಯ ಕಾಲ, ಶಿವರಾತ್ರಿಯ ಆಸುಪಾಸು, ಬೆಂಗಳೂರಿನಿಂದ ಸಿನೆಮಾದವರು ಬಂದರು. ಬಸವಕಲ್ಯಾಣದ ಕೋಟೆ ಅವರ ಸಿನೆಮಾದಲ್ಲಿ ಧಣಿಯ ಅರಮನೆಯಾಯಿತು. ನಮ್ಮೂರ ಹಳೇ ಶಿವಾಲಯ ಹೀರೋ ಹೀರೋಯಿನ್ ಕದ್ದು ಭೇಟಿಯಾಗುವ ಜಾಗವಾಯಿತು. ಅಲ್ಲಿ ಬಿಸಿಲಿಗೆ ಮಲಗುತ್ತಿದ್ದ ಆಡುಗಳನ್ನು ದಿನಾ ಓಡಿಸುವುದೇ ಇಬ್ಬರಿಗೆ ಕೆಲಸ. ಹುಮನಾಬಾದ ಬಸ್‌ಸ್ಟ್ಯಾಂಡಿನ ತಲೆಯ ಮೇಲೆ ಯಾವುದೋ ಇಲ್ಲದ ಊರಿನ ಬೋರ್ಡು ಏರಿಸಿದರು. ಗುಲ್ಬರ್ಗಾ ಬಸ್ಸಿನಲ್ಲಿ ಬಂದ ಮುದುಕನೊಬ್ಬ ಆ ದಿನ ಇಳಿಯಲೇ ಇಲ್ಲವಂತೆ. "ನಂದು ಹುಮನಾಬಾದ, ಇದ್ಯಾವ ಊರಿಗಿ ತಂದ್ಯೋ ಮಾರಾಯಾ?" ಎಂದು ಕಂಡಕ್ಟರನ ಮೇಲೆ ಹಾರಾಡಿದನಂತೆ. ಟೆಂಪೋ ಓಡಿಸುತ್ತಿದ್ದ ನನ್ನ ಗಂಡ ಗೌತಮ ಇದನ್ನು ಬಂದು ಹೇಳಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಣದ ಸೀನಿಗೆ ಅವರು ಆರಿಸಿದ್ದು ಚನ್ನಪ್ಪ ಸಾಹುಕಾರರ ಕಣ. ನಾವು ಕೂಲಿಗೆ ಹೋಗುತ್ತಿದ್ದದ್ದೂ ಅವರ ಹೊಲಕ್ಕೇ. ಸಾಹುಕಾರರಿಗೆ ಹಿಗ್ಗೇ ಹಿಗ್ಗು, ದಿನಾ ಇಸ್ತ್ರಿ ಧೋತರ, ತಲೆಗೆ ರುಮಾಲು. ಅವರ ಮನೆಯಲ್ಲಿ ರಾಶಿಯ ಮಿಷನ್ನು ಬಂದು ಎಷ್ಟೋ ವರ್ಷವಾಗಿತ್ತು. ಡೈರೆಕ್ಟರ್ ಅದನ್ನು ನೋಡಿ ಮುಖ ಸಿಂಡರಿಸಿದರು. ಅವರಿಗೆ ಬೇಕಾದದ್ದು ಹಳೇ ಕಾಲ. ಹಾಗಾಗಿ ಮಿಷನ್ನನ್ನು ಬಣವೆಯ ಹಿಂದೆ ತಳ್ಳಿ, ಮೇಲೆ ಜೋಳದ ಸೊಪ್ಪೆ ಮುಚ್ಚಿ, ಕಣದ ನಡುವೆ ಮೇಟಿಕಂಬ ನೆಟ್ಟು, ಎತ್ತು ಕಟ್ಟಿ ಹಂತಿ ತುಳಿಸಲು ಶುರು ಮಾಡಿದರು. ಆ ಎತ್ತುಗಳು ಜನ್ಮದಲ್ಲಿ ಹಂತಿ ತುಳಿದಿರಲಿಲ್ಲ. ಅವು ತಿಂದದ್ದೇ ಹೆಚ್ಚು, ತುಳಿದದ್ದು ಕಡಿಮೆ. ಅರ್ಧ ರಾಶಿ ಹಾಗೇ ತೆನೆಯಲ್ಲೇ ಬಿದ್ದಿತ್ತು.

ನಮ್ಮ ಓಣಿಗೆ ಒಬ್ಬ ಟೋಪಿಯ ಅಸಿಸ್ಟೆಂಟ್ ಬಂದು, "ನಾಳೆ ಎಲ್ಲ ಹೆಂಗಸರೂ ಬನ್ನಿ, ರಾಶಿ ಮಾಡೋ ಸೀನು, ನಿಮ್ಮನ್ನ ಕ್ಯಾಮೆರಾದಲ್ಲಿ ತೋರಿಸ್ತೀವಿ," ಎಂದು ಹೇಳಿಹೋದ. ಕ್ಯಾಮೆರಾ ಎಂದರೆ ನಮಗೆ ಫೋಟೋ. ಫೋಟೋ ಎಂದರೆ ಒಳ್ಳೇ ಸೀರೆ. ನಮ್ಮಲ್ಲಿ ಒಳ್ಳೇ ಸೀರೆ ಎಂದರೆ ಬುದ್ಧ ಪೂರ್ಣಿಮೆಗೆ ಉಡುವ ಬಿಳೀ ಸೀರೆ. ಮಾರನೇ ದಿನ ಬೆಳಗ್ಗೆ ಓಣಿಗೆ ಓಣಿಯೇ ಬಿಳೀ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸಾಲಾಗಿ ಕಣಕ್ಕೆ ಹೋಯಿತು.

ಕ್ಯಾಮೆರಾದವನು ನಮ್ಮನ್ನು ನೋಡಿ ತಲೆ ಹಿಡಿದುಕೊಂಡ. "ಏನ್ರೀ ಇದು, ಯಾರಾದ್ರೂ ಸತ್ತಿದಾರಾ? ಬಿಳಿ ಎಲ್ಲ ಬಿಸಿಲಿಗೆ ಹೊಳೆದು ಹೊಡೀತದೆ, ಮುಖಾನೇ ಕಾಣಲ್ಲ!"

"ಸಾಯೋದು ಯಾಕರಿ? ಹಬ್ಬದ ಸೀರಿ ಇವು," ಅಂದಳು ಅತ್ತೆ.

ಬಟ್ಟೆಯ ಉಸ್ತುವಾರಿಯವನು ಒಂದು ಉಪಾಯ ಹೇಳಿದ. ಬಿಳೀ ಬಟ್ಟೆಯನ್ನು ಚಹಾದ ನೀರಲ್ಲಿ ಅದ್ದಿ ಒಣಗಿಸಿದರೆ ಬಣ್ಣ ಮಾಸುತ್ತದೆ, ಹೊಡೆಯುವುದಿಲ್ಲ, ಸಿನೆಮಾದಲ್ಲಿ ಹಾಗೇ ಮಾಡುವುದು ಎಂದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಚಾ ಮಾಡಿದ್ರ ಕುಡ್ಯಾಕ ಕೊಡ್ರಿ. ಸೀರಿಗಿ ಯಾಕ ಕುಡಸ್ತೀರಿ?"

ಕಣದಲ್ಲಿದ್ದವರೆಲ್ಲ ನಕ್ಕರು, ಡೈರೆಕ್ಟರೂ ನಕ್ಕರು. ಕೊನೆಗೆ ನಾವು ಮನೆಗೆ ಹೋಗಿ ದಿನಾ ಉಡುವ ಸೀರೆ ಉಟ್ಟು ಬಂದೆವು. ತೇಪೆ ಇದ್ದವರದು ತೇಪೆ ಇತ್ತು, ಆದರೆ ಎಲ್ಲರದೂ ಒಗೆದದ್ದೇ. ನನ್ನದು ಹಸಿರು ಸೀರೆ.

ಆ ದಿನ ನಮ್ಮಿಂದ ಮಾಡಿಸಿದ್ದೆಲ್ಲ ನಮಗೆ ಗೊತ್ತಿದ್ದ ಕೆಲಸವೇ. ತೆನೆ ಹರವಿದೆವು, ಮೊರ ಹಿಡಿದು ತೂರಿದೆವು, ಅತ್ತೆ ಹಾಡು ಹೇಳಿದಳು. ಮಧ್ಯಾಹ್ನದ ಮೇಲೆ ಡೈರೆಕ್ಟರ್ ನನ್ನನ್ನು ಒಬ್ಬಳನ್ನೇ ಕರೆದು, ರಾಶಿಯ ಪಕ್ಕ ನಿಲ್ಲಿಸಿ, ಕ್ಯಾಮೆರಾ ಹತ್ತಿರ ತಂದರು.

"ಸ್ವಲ್ಪ ಮೇಲೆ ನೋಡಮ್ಮಾ. ದೇವರೇ ಎದುರಿಗೆ ನಿಂತಿದಾನೆ ಅನ್ಕೋ."

ನಾನು ಮೇಲೆ ನೋಡಿದೆ. ದೇವರಿರಲಿಲ್ಲ. ಬೇವಿನ ಮರದ ಟೊಂಗೆಯ ಮೇಲೆ ಬೆಳಕಿನ ತಗಡು ಹಿಡಿದ ಒಬ್ಬ ಕೂತಿದ್ದ. ಅವನ ಚಪ್ಪಲಿ ಕಾಲಿನಿಂದ ಜಾರುತ್ತಿತ್ತು, ಒಂದು ಕೈಯಲ್ಲಿ ತಗಡು, ಇನ್ನೊಂದು ಕೈಯಲ್ಲಿ ಟೊಂಗೆ. ಈಗ ಬಿದ್ದಾನು, ಆಗ ಬಿದ್ದಾನು ಎಂದು ನಾನು ಉಸಿರು ಹಿಡಿದು ಅವನನ್ನೇ ನೋಡುತ್ತಿದ್ದೆ. "ಕಟ್!" ಎಂದು ಡೈರೆಕ್ಟರ್ ಚಪ್ಪಾಳೆ ತಟ್ಟಿದರು. ಆ ಹೆಣ್ಣುಮಗಳ ಕಣ್ಣಿನಲ್ಲಿ ಎಂಥ ಕೃತಜ್ಞತೆ ಎಂದು ಆಮೇಲೆ ಪೇಪರಿನಲ್ಲಿ ಬರೆದರಂತೆ. ಆ ಮಾತು ಕೇಳಿದಾಗಲೆಲ್ಲ ನನಗೆ ಆ ಜಾರುವ ಚಪ್ಪಲಿ ನೆನಪಾಗುತ್ತದೆ.

ಆದರೂ ಆ ಸಂಜೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಓಣಿಯವರೆಲ್ಲ "ಹೀರೋಯಿನ್ ಬಂದಳು" ಎಂದು ಕಾಡಿಸಿದರು. ಗೌತಮ, "ಇನ್ನ ನಮಗ ರೊಟ್ಟಿ ಯಾರ ಬಡದ ಹಾಕ್ತಾರಪ್ಪ?" ಎಂದು ಮುಖ ಸಣ್ಣದು ಮಾಡಿ ನಟಿಸಿದ. ಕನ್ನಡಿಯ ಮುಂದೆ ನಿಂತು ಮೇಲೆ ನೋಡಿ, ಪಕ್ಕಕ್ಕೆ ನೋಡಿ, ಯಾವುದು ಚೆನ್ನ ಎಂದು ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಇದ್ದೆ, ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಮಾರನೇ ದಿನ ಕಣಕ್ಕೆ ಹೋದಾಗ ಧಣಿಯ ವೇಷದ ನಟರು ಜರಿ ರುಮಾಲು ಸುತ್ತಿ ರಾಶಿಯ ಪಕ್ಕ ನಿಂತಿದ್ದರು. ಡೈರೆಕ್ಟರ್ ನಮ್ಮನ್ನೆಲ್ಲ ಕೂಡಿಸಿ ಸೀನು ಹೇಳಿದರು.

"ಸಿಂಪಲ್ ಅಮ್ಮಾ. ಊರಲ್ಲಿ ಹಸಿವು. ಧಣಿ ತನ್ನ ಕಣದ ಕಾಳನ್ನ ಹಂಚ್ತಾರೆ. ನೀವು ಸಾಲಾಗಿ ಬಂದು ಸೆರಗು ಒಡ್ಬೇಕು. ಅವರು ಮೊರದಿಂದ ಸುರೀತಾರೆ. ನೀವು ಕಣ್ಣೀರು ತುಂಬ್ಕೊಂಡು ಅವರ ಮುಖ ನೋಡ್ಬೇಕು. ಅಷ್ಟೇ."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ಉಗುಳಿದಳು.

"ಬುಟ್ಟಿ ಅದಾವ್ರಿ," ಅಂದಳು.

"ಏನು?"

"ಕಾಳ ತಗೊಳ್ಳಾಕ ನಾವು ಬುಟ್ಟಿ ತಂದೇವಿ. ಅದರಾಗ ಹಾಕಂತ ಹೇಳ್ರಿ ನಿಮ್ಮ ಧಣಿಗಿ. ಸೆರಗ ಒಡ್ಡಂಗಿಲ್ಲ."

ಡೈರೆಕ್ಟರ್ ಇದೂ ಚಹಾದಂಥದೇ ತಮಾಷೆ ಎಂದುಕೊಂಡರು. "ಬುಟ್ಟಿ ಹಿಡಿದ್ರೆ ಕೂಲಿ ತಗೊಂಡಂಗೆ ಕಾಣುತ್ತಮ್ಮಾ."

"ಮತ್ತ ನಾವು ತಗೊಳ್ಳೋದು ಕೂಲೀನೇ ಅಲ್ಲೇನ್ರಿ?"

ಟೋಪಿಯ ಅಸಿಸ್ಟೆಂಟ್ ನಡುವೆ ಬಾಯಿ ಹಾಕಿದ. "ಅಮ್ಮಾ, ಇದು ಬರೀ ಆಕ್ಟಿಂಗು. ನಿಜ ಅಲ್ಲ."

"ಕಾಳ ಖರೇ ಅದ. ಸೆರಗ ಖರೇ ಅದ. ಊರೆಲ್ಲಾ ನಿಂತು ನೋಡಾಕತ್ತದ, ಅದೂ ಖರೇ. ಸುಳ್ಳ ಯಾವುದರಿ ಇದರಾಗ?"

ಆಗ ಸಾಹುಕಾರರು ಮುಂದೆ ಬಂದರು. ತಮ್ಮ ಕಣ, ತಮ್ಮ ರಾಶಿ, ತಮ್ಮ ಆಳುಗಳು, ಬೆಂಗಳೂರಿನವರ ಮುಂದೆ ತಮ್ಮ ಮಾನ ಹೋಗುತ್ತಿದೆ ಎಂಬ ಸಿಟ್ಟು ಮುಖದಲ್ಲಿ ಕುದಿಯುತ್ತಿತ್ತು.

"ಏನ್ ಸುಂದರಬಾಯಿ, ದೊಡ್ಡ ಮಾತ ಆಡಾಕತ್ತೀದಿ? ಹೆಣ್ಮಕ್ಕಳು ಉಡಿ ತುಂಬಿಸಿಕೊಳ್ಳಾಕ ಸೆರಗ ಒಡ್ಡಂಗಿಲ್ಲೇನು?"

"ಒಡ್ತಾರ್ರಿ ಸಾವಕಾರ್ರ. ಉಡಿ ತುಂಬೋ ಹೆಣ್ಮಗಳು ಎದುರಿಗಿ ಕೂಡ್ತಾಳ, ಸರೀಕಳಾಗಿ. ಕೈಲೆ ಎತ್ತಿ ಹಾಕ್ತಾಳ. ನಿಮ್ಮಪ್ಪ ನಮ್ಮವ್ವನ ಸೆರಗಿಗಿ ಈ ಕಣದ ಕಸಾ ಸುರೀತಿದ್ರು, ಎತ್ತರಕ್ಕ ನಿಂತು, ಮೈ ತಾಕಬಾರ್ದಂತ. ನಾನ ಬಾಜೂಕ ನಿಂತು ನೋಡೀನಿ. ಅದು ಉಡಿ ಅಲ್ಲರಿ."

ಅವರ ತಂದೆಯ ಹೆಸರನ್ನು ಅವರ ಕಣದಲ್ಲೇ ನಿಂತು ಹಾಗೆ ಎತ್ತಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಾಹುಕಾರರ ಕೊರಳ ನರ ಉಬ್ಬಿತು.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು! ನಾಳಿಂದ ನನ್ನ ಹೊಲಕ್ಕ ಕಾಲ ಇಡಬ್ಯಾಡ್ರಿ."

"ಆಗಲ್ರಿ," ಅಂದಳು ಅತ್ತೆ. ಆಮೇಲೆ ಪಡುವಣ ಕಡೆ ಕೈ ತೋರಿಸಿದಳು. "ಆದ್ರ ನಿಮ್ಮ ರಾಶಿ ಅರ್ಧ ತೆನ್ಯಾಗೇ ಅದ. ಮಂಠಾಳದ ಕಡೆ ಮೋಡ ಕಟ್ಟಾಕತ್ತಾವ, ಜರಾ ನೋಡ್ಕೋರಿ."

ಡೈರೆಕ್ಟರ್ ಆಗ ನನ್ನ ಕಡೆ ತಿರುಗಿದರು. ಬೈಯಲಿಲ್ಲ, ತಂಗಿಗೆ ಹೇಳಿದಂತೆ ಹೇಳಿದರು. "ನೀನು ಓದಿದವಳು. ನಿನ್ನ ಮುಖಕ್ಕೆ ಕ್ಯಾಮೆರಾ ಒಗ್ಗುತ್ತೆ. ಇವರೆಲ್ಲ ಹೋಗಲಿ ಬಿಡು, ನೀನೊಬ್ಬಳೇ ಮಾಡು. ಒಂದು ಡೈಲಾಗೂ ಕೊಡ್ತೀನಿ. ಇಡೀ ಕರ್ನಾಟಕ ನಿನ್ನ ನೋಡುತ್ತೆ."

ಸುಳ್ಳು ಯಾಕೆ ಹೇಳಲಿ, ನನಗೆ ಆಸೆ ಇತ್ತು. ಹಿಂದಿನ ಸಂಜೆಯ ಕನ್ನಡಿ ಇನ್ನೂ ಕಣ್ಣ ಮುಂದಿತ್ತು. ಸೆರಗು ಒಡ್ಡದ ಆಣೆ ಮಾಡಿದಾಗ ನಾನು ಹುಟ್ಟೇ ಇರಲಿಲ್ಲ, ಆ ಊರಿನವಳೂ ಅಲ್ಲ. ಅತ್ತೆಯ ಕಡೆ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಮಾಡು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಬಗ್ಗಿ ತನ್ನ ಬುಟ್ಟಿಯ ಧೂಳು ಕೊಡವುತ್ತಿದ್ದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಡೈಲಾಗ್ ಏನ್ರಿ?" ಎಂದು ಕೇಳಿದೆ.

"ಚಿಕ್ಕದು. 'ನೀವೇ ನಮ್ಮ ದೇವರು, ಧಣಿ.'"

ನನಗೆ ನಗು ಬಂತೋ ಸಿಟ್ಟು ಬಂತೋ ಈಗಲೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ, ನಾನು ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ.

"ನಮ್ಮ ಓಣ್ಯಾಗ ಈ ಮಾತ ಯಾರೂ ಯಾರಿಗೂ ಅನ್ನಂಗಿಲ್ಲರಿ. ಬ್ಯಾರೇದವ್ರನ್ನ ನೋಡ್ಕೋರಿ," ಎಂದು ನನ್ನ ಬುಟ್ಟಿ ಎತ್ತಿಕೊಂಡೆ. ಹೆಂಗಸರೆಲ್ಲ ತಮ್ಮ ತಮ್ಮ ಬುಟ್ಟಿ ಎತ್ತಿಕೊಂಡು ನಡೆದರು. ಓಣಿಯ ಬಾಯಿಗೆ ಬಂದ ಮೇಲೆ ಅತ್ತೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಅವಳ ಶಹಬ್ಬಾಸ್.

ಊರಲ್ಲಿ ಮಾತು ಎರಡಾಯಿತು. ಇವರ ಹಟಕ್ಕೆ ಊರಿನ ಹೆಸರು ಕೆಡುತ್ತದೆ, ಸಿನೆಮಾದವರು ಬೇರೆ ಕಡೆ ಹೋಗುತ್ತಾರೆ ಎಂದು ಕೆಲವರು. ಹಸಿದು ಕೂತರೆ ಬುದ್ಧಿ ಬರುತ್ತದೆ ಎಂದು ಇನ್ನು ಕೆಲವರು. ನಮ್ಮೊಳಗೂ ಅಳುಕು ಇತ್ತು. ರಾಶಿಯ ಕಾಲದ ಕಾಳು ಮನೆಗೆ ಬರದಿದ್ದರೆ ಮುಂದಿನ ಮಳೆಗಾಲ ಹೇಗೆ ಎಂದು ಲೆಕ್ಕ ಹಾಕದ ಹೆಂಗಸು ಯಾರಿದ್ದರು? ಅತ್ತೆ ಮಾತ್ರ ವಿಹಾರದ ಕಟ್ಟೆಯ ಮೇಲೆ ಕೂತು, ಮೋಡವನ್ನೇ ನೋಡುತ್ತ, ಎಲೆಗೆ ಸುಣ್ಣ ಸವರುತ್ತಿದ್ದಳು.

ಮಾರನೇ ದಿನ ಮಧ್ಯಾಹ್ನಕ್ಕೆ ಗಾಳಿ ತಣ್ಣಗಾಯಿತು. ಕಲ್ಯಾಣದ ಕಡೆಯ ಆಕಾಶವೂ ಕಪ್ಪಾಯಿತು. ಆಗ ಚನ್ನಪ್ಪ ಸಾಹುಕಾರರು, ಆಳನ್ನು ಕಳಿಸದೆ, ತಾವೇ ಓಣಿಯ ಬಾಯಿಗೆ ಬಂದು ನಿಂತರು. ರುಮಾಲು ಇರಲಿಲ್ಲ. ಒಳಗೆ ಬರಲಿಲ್ಲ, ಅಲ್ಲಿಂದಲೇ ಕೂಗಿದರು.

"ಸುಂದರಬಾಯಿ, ಜಲ್ದಿ ಬರ್ರಿ. ಎಲ್ಲಾರೂ ಬರ್ರಿ."

ಅತ್ತೆ ಕೂತಲ್ಲಿಂದ ಏಳಲಿಲ್ಲ. "ಏನ ತರೋಣ್ರಿ ಸಾವಕಾರ್ರ?"

ಅವರು ತಲೆ ಎತ್ತಿ ಮೋಡ ನೋಡಿದರು. ಗುಡುಗು ಕೇಳಿಸಿತು.

"ಬುಟ್ಟಿ ತರ್ರಿ," ಅಂದರು.

ಹೋದೆವು. ಬಣವೆಯ ಹಿಂದಿನಿಂದ ಮಿಷನ್ನು ಎಳೆದು ತಂದರು, ಹಂತಿಯ ಮೇಟಿ ಕಿತ್ತು ಬಿಸಾಕಿದರು. ತೆನೆ ಹೊತ್ತು ಹಾಕಿ ಹಾಕಿ ನಮ್ಮ ತೋಳು ಬಿದ್ದುಹೋದವು. ಸಾಹುಕಾರರ ಹೆಂಡತಿ ಮಕ್ಕಳೂ ಬಂದು ಚೀಲ ಹಿಡಿದರು. ಕೊನೆಯ ಚೀಲದ ಬಾಯಿ ಹೊಲಿಯುವಾಗ ದಪ್ಪ ಹನಿ ಬಿತ್ತು. ಅವಸರದಲ್ಲೂ ಸಾಹುಕಾರರು ನಮ್ಮ ಕೂಲಿಯ ಜೋಳವನ್ನು ಸೇರಿನಿಂದ ಅಳೆದು ಒಬ್ಬೊಬ್ಬರ ಬುಟ್ಟಿಗೆ ಹಾಕಿದರು. ಬಗ್ಗಿ ಹಾಕಿದರು. ಬಗ್ಗಿದ್ದು ಮಳೆಗೋ ನಮಗೋ ನಾನು ಕೇಳಲು ಹೋಗಲಿಲ್ಲ. ಸೆರಗನ್ನು ತಲೆಗೆ ಹೊದ್ದು, ಬುಟ್ಟಿ ಹೊತ್ತು, ತೊಯ್ದು ತೊಪ್ಪೆಯಾಗಿ ನಗುತ್ತ ಮನೆಗೆ ಬಂದೆವು.

ಆ ಅಕಾಲದ ಮಳೆಗೆ ಕಣ ಕೆಸರಾಯಿತು. ಸಿನೆಮಾದವರು ಸಾಮಾನು ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಹೋದರು. ಕೆಲವು ದಿನಗಳ ಮೇಲೆ ಗೌತಮ ಸುದ್ದಿ ತಂದ. ಕೋಟೆಯ ಅಂಗಳದಲ್ಲಿ ಜೋಳ ಸುರಿದು, ಬೆಂಗಳೂರಿನಿಂದ ತಮ್ಮ ಜೊತೆ ಬಂದ ಹೆಂಗಸರಿಗೇ ಹಳೇ ಸೀರೆ ಉಡಿಸಿ, ಮುಖ ಕಾಣದಂತೆ ಮುಸುಕು ಹಾಕಿಸಿ ಆ ಸೀನು ತೆಗೆದರಂತೆ. ಕೋಟೆಯ ಬಾಗಿಲು ಹಾಕಿಕೊಂಡಿದ್ದರಂತೆ.

"ಅವರ ಸೆರಗ, ಅವರ ಖುಷಿ," ಅಂದಳೊಬ್ಬಳು.

ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಖುಷಿ ಎಲ್ಲೀದು? ಪಾಪ, ಆ ಹೆಣ್ಮಕ್ಕಳಿಗಿ ಯಾರರ ಒಂದೊಂದು ಬುಟ್ಟಿ ಕೊಡಬೇಕಾಗಿತ್ತು," ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ನಾವು ಗೆದ್ದೆವು ಎಂದೇ ತಿಳಿದಿದ್ದೆವು.

ಮುಂದಿನ ಮಳೆಗಾಲ ಕಳೆದು ಸಿನೆಮಾ ಬಂತು. ಮೊದಲು ಬೆಂಗಳೂರಿನಲ್ಲಿ ಓಡಿತು, ದೊಡ್ಡ ಹೆಸರಾಯಿತು, ನಮ್ಮ ಕಡೆ ಬರುವಷ್ಟರಲ್ಲಿ ಅದರ ಹಾಡು ಮದುವೆ ಮನೆಗಳಲ್ಲಿ ಹಳೆಯದಾಗಿತ್ತು. ಹುಮನಾಬಾದಿನ ಟಾಕೀಸಿಗೆ ಬಂತೆಂದು ಗೊತ್ತಾದ ಕೂಡಲೇ ಗೌತಮ ಟೆಂಪೋ ತೊಳೆದ. ಈ ಸಲ ಬಿಳೀ ಸೀರೆ ಬೇಡ ಅನ್ನುವವರು ಯಾರೂ ಇರಲಿಲ್ಲ. ಹೆಂಗಸರೆಲ್ಲ ಅದನ್ನೇ ಉಟ್ಟು, ಟೆಂಪೋದಲ್ಲಿ ಕಿಕ್ಕಿರಿದು ಕೂತು, ಹಾಡುತ್ತ ಹುಮನಾಬಾದಿಗೆ ಹೋದೆವು. ಮ್ಯಾಟಿನಿ ಆಟ. ಒಳಗೆ ಕಾಲಿಡಲು ಜಾಗವಿಲ್ಲ. ನಮಗೆ ಸಿಕ್ಕಿದ್ದು ತೀರಾ ಹಿಂದಿನ ಬೆಂಚುಗಳು. ಹಳೇ ಟಾಕೀಸು, ಬೆಳಕು ಬರುವ ಕಿಂಡಿ ನಮ್ಮ ತಲೆಯ ಮೇಲೇ, ತೀರಾ ತಗ್ಗಿನಲ್ಲಿ. ಯಾರಾದರೂ ಬೀಡಿ ಸೇದಲು ಎದ್ದರೆ ಅವರ ತಲೆ ಪರದೆಯ ಮೇಲೆ ಕಪ್ಪಗೆ ಬೀಳುತ್ತಿತ್ತು, ಜನ ಸಿಳ್ಳೆ ಹೊಡೆದು ಕೂರಿಸುತ್ತಿದ್ದರು.

ಆ ಗದ್ದಲ ಈಗಲೂ ಕಿವಿಯಲ್ಲಿದೆ. ಕೋಟೆ ಬಂದಾಗ "ನಮ್ಮ ಕಲ್ಯಾಣ!" ಎಂದು ಕಿರುಚಿದರು. ಬಸ್‌ಸ್ಟ್ಯಾಂಡ್ ಬಂದಾಗ ಆ ಸುಳ್ಳು ಬೋರ್ಡು ನೋಡಿ ಇಡೀ ಟಾಕೀಸು ನಕ್ಕಿತು. ಶಿವಾಲಯದ ಕಂಬದ ಹಿಂದೆ ಒಂದು ಆಡಿನ ಬಾಲ ಕಂಡಿತು, ಅದು ಯಾರ ಮನೆಯದೆಂದು ನಮ್ಮ ಬೆಂಚಿನಲ್ಲಿ ಜಗಳವೇ ಆಯಿತು. ಆಮೇಲೆ ಕಣ ಬಂತು. ನಾವು ಮೊರ ಹಿಡಿದು ತೂರುತ್ತಿದ್ದೆವು. ಅತ್ತೆಯ ಹಾಡು ಬಂತು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಎಳೇ ಹುಡುಗಿಯಂತೆ ನಾಚಿದಳು.

ಆಮೇಲೆ ನನ್ನ ಮುಖ ಬಂತು. ಗೋಡೆ ತುಂಬ ನನ್ನ ಮುಖ. "ಸುಜಾತಾ! ಯವ್ವಾ, ನಮ್ಮ ಸುಜಾತಾ!" ಎಂದು ಎಲ್ಲರೂ ನನ್ನ ಮೈಮೇಲೆ ಬಿದ್ದರು. ಅಷ್ಟು ಚೆಲುವೆಯಾಗಿ ನಾನು ನನ್ನನ್ನು ಎಂದೂ ಕಂಡಿರಲಿಲ್ಲ.

ಮುಖದ ಹಿಂದೆಯೇ ಸೆರಗು ಬಂತು. ಹಸಿರು ಸೀರೆಯ ಸೆರಗು, ಎರಡು ಕೈ ಒಡ್ಡಿ ಹಿಡಿದದ್ದು. ಮೇಲಿನಿಂದ ಜೋಳ ಸುರಿಯಿತು. ಮತ್ತೆ ನನ್ನ ಮುಖ, ಮೇಲೆ ನೋಡುತ್ತಿರುವುದು. "ನೀವೇ ನಮ್ಮ ದೇವರು, ಧಣಿ," ಎಂದು ಯಾವುದೋ ದೂರದ ಊರಿನ ಹೆಣ್ಣುದನಿ ಹೇಳಿತು. ಧಣಿಯ ಮುಖ. ಮತ್ತೆ ಸೆರಗುಗಳು, ಒಂದಾದ ಮೇಲೊಂದು, ಸಾಲಾಗಿ.

ಅಂದು ಕಣದಿಂದ ಬುಟ್ಟಿ ಎತ್ತಿಕೊಂಡು ಬಂದದ್ದು, ಹೆದರಿಕೊಂಡು ಕೂತದ್ದು, ಮಳೆಯಲ್ಲಿ ನಗುತ್ತ ಬಂದದ್ದು ಎಲ್ಲವನ್ನೂ ಒಂದು ಕತ್ತರಿ ಸುಳ್ಳು ಮಾಡಿತ್ತು. ನೋಡುವವರಿಗೆ ಆ ಸೆರಗು ನನ್ನದೇ. ಇನ್ನು ಈ ಸಿನೆಮಾ ಓಡುವಷ್ಟು ದಿನ, ಓಡಿದ ಊರುಗಳಲ್ಲೆಲ್ಲ, ನಾನು ಒಡ್ಡುತ್ತಲೇ ಇರುತ್ತೇನೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಮೂಗು ಒರೆಸಿಕೊಳ್ಳುತ್ತ ಪಕ್ಕದವಳಿಗೆ, "ಪಾಪ, ನಾರಾಯಣಪುರದವ್ರಂತ ನೋಡು," ಅಂದಳು.

ಅತ್ತೆ ಎದ್ದು ನಿಂತಳು.

ಅವಳ ತಲೆಯ ನೆರಳು ಪರದೆಯ ನಡುವೆ ಬಿತ್ತು. "ಏ ಮುದುಕಿ, ಕೂಡು!" ಎಂದು ಯಾರೋ ಕೂಗಿದರು. ಸಿಳ್ಳೆ ಬಿದ್ದವು. ಅತ್ತೆ ಕೂರಲಿಲ್ಲ.

"ಅವು ನಮ್ಮ ಸೆರಗಲ್ಲ!" ಎಂದು ಕೂಗಿದಳು. ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ದನಿ ಅದು. "ನಾವು ಒಡ್ಡಿಲ್ಲ! ಇವರು ಸುಳ್ಳ ಹಚ್ಯಾರ!"

ನಾನೂ ಎದ್ದೆ. ಪರದೆಯ ಮೇಲೆ ಆಗ ಮತ್ತೆ ನನ್ನ ಮುಖವೇ ಇತ್ತು. ನನ್ನ ನೆರಳು ಹೋಗಿ ಅದರ ಮೇಲೆ ಬಿತ್ತು. ಮೊದಲು ಒಂದು ಕಣ್ಣು ಹೋಯಿತು, ನಾನು ಒಂದು ಹೆಜ್ಜೆ ಸರಿದು ನಿಂತ ಮೇಲೆ ಇನ್ನೊಂದೂ ಹೋಯಿತು. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಆದರೂ ಸರಿಯಲಿಲ್ಲ. ನನ್ನ ಪಕ್ಕದವಳು ಎದ್ದಳು, ಅವಳ ಪಕ್ಕದವಳು ಎದ್ದಳು, ಬೆಂಚಿಗೆ ಬೆಂಚೇ ಎದ್ದಿತು. ಸುರಿಯುವ ಜೋಳ, ಜರಿ ರುಮಾಲು, ಒಡ್ಡಿದ ಕೈಗಳು ಎಲ್ಲದರ ಮೇಲೂ ನಮ್ಮ ತಲೆ, ನಮ್ಮ ಭುಜ.

ಬ್ಯಾಟರಿ ಹಿಡಿದ ಬಾಗಿಲವನು ಓಡಿ ಬಂದು ಅತ್ತೆಯ ಮುಖಕ್ಕೆ ಬೆಳಕು ಬಿಟ್ಟ. "ಕೂಡ್ರಿ ಬಾಯಿ, ಜನಾ ಬಡೀತಾರ ನನಗ!"

"ಕೂಡ್ತೇವಪ್ಪ," ಅಂದಳು ಅತ್ತೆ, ಕಣ್ಣು ಮಿಟುಕಿಸದೆ. "ಈ ಸೀನ ಮುಗೀಲಿ."

ಮುಂದಿನವರು ಬೈದರು, ಯಾರೋ ಶೇಂಗಾದ ಸಿಪ್ಪೆ ಎರಚಿದರು. ಆ ಸೀನು ಮುಗಿಯುವವರೆಗೆ ನಮ್ಮಲ್ಲಿ ಒಬ್ಬಳೂ ಕೂರಲಿಲ್ಲ.